ನೀಲಿ ಕೋಣೆಗೆ ನಲವತ್ತು ಮೈಲಿ

ಸ್ವೀಡನ್ನಿನ ಗೋಥೆನ್‌ಬರ್ಗ್‌ನಿಂದ ಡೆನ್ಮಾರ್ಕ್‌ನ ಸ್ಕಾಗೆನ್‌ಗೆ ಹೋಗೋದು ಕಷ್ಟವೇನಲ್ಲ. ದೊಡ್ಡ ಫೆರ್ರಿ ಹತ್ತಿದರೆ ಸುಮಾರು ಮೂರೂವರೆ ಗಂಟೆಗೆ ಫ್ರೆಡೆರಿಕ್ಸ್‌ಹಾವ್ನ್ ಅನ್ನೋ ಊರು. ಅಲ್ಲಿಂದ ಪುಟ್ಟ ರೈಲಿನಲ್ಲಿ 40 ಕಿಲೋಮೀಟರ್. ಫೆರ್ರಿಯಲ್ಲಿ ಕಾಫಿ ಇದೆ, ವೈಫೈ ಇದೆ, ಕಾಲು ಚಾಚೋಕೆ ಸೋಫಾ ಇದೆ. ಇಷ್ಟೆಲ್ಲ ಇರುವಾಗ ಹಾಯಿದೋಣಿಯಲ್ಲಿ ಯಾಕೆ ಹೋದೆ ಅಂತ ಆಫೀಸಿನವರು ಕೇಳಿದರು, ಇಲ್ಲಿನ ಕನ್ನಡದ ಗೆಳೆಯರೂ ಕೇಳಿದರು. ತಿಪಟೂರಿನಿಂದ ಅಮ್ಮ ಕೇಳಿದ್ದು ಮಾತ್ರ ಬೇರೆ ಪ್ರಶ್ನೆ: “ಒಂದು ಚಿತ್ರ ನೋಡೋಕೆ ಸಮುದ್ರ ದಾಟ್ಬೇಕೇನೆ? ಫೋನಲ್ಲೇ ಇದೆ ಅಂದ್ಯಲ್ಲ?”

ನಿಜವಾಗಿ ಉತ್ತರ ಕೊಡಬೇಕಾದದ್ದು ಅಮ್ಮನ ಪ್ರಶ್ನೆಗೆ. ಯಾಕೆಂದರೆ ಅದೇ ಹೊತ್ತಿಗೆ ಅದೇ ಪ್ರಶ್ನೆ ಬೇರೆ ರೂಪದಲ್ಲಿ ನಮ್ಮನೆಯಲ್ಲೂ ಎದ್ದು ನಿಂತಿತ್ತು. ಅದನ್ನ ಆಮೇಲೆ ಹೇಳ್ತೀನಿ.

ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಐದು ವರ್ಷ ಕೆಲಸ ಮಾಡಿ, ಮೂರು ವರ್ಷದ ಹಿಂದೆ ಗೋಥೆನ್‌ಬರ್ಗ್‌ಗೆ ಬಂದವಳು ನಾನು. ಕಾರು ತನ್ನ ಎದುರಿನ ವಾಹನವನ್ನು ಗುರುತಿಸಿ ತಾನೇ ಬ್ರೇಕ್ ಹಾಕುತ್ತಲ್ಲ, ಆ ಥರದ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿದ್ದೇನೆ. ಚಿತ್ರಕಲೆಗೂ ನನಗೂ ಅಂಥ ನಂಟೇನೂ ಇರಲಿಲ್ಲ. ನಂಟು ಬೆಳೆಸಿದ್ದು ಇಲ್ಲಿನ ಚಳಿಗಾಲ. ಡಿಸೆಂಬರ್‌ನಲ್ಲಿ ಇಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗಿರ್ತಾನೆ. ಮೊದಲ ವರ್ಷದ ಒಂದು ಭಾನುವಾರ ಮನೆಯಲ್ಲಿ ಕೂರೋಕಾಗದೆ, ಬೆಚ್ಚಗಿರುತ್ತೆ ಅನ್ನೋ ಒಂದೇ ಕಾರಣಕ್ಕೆ ನಗರದ ಕಲಾ ಮ್ಯೂಸಿಯಂ ಒಳಗೆ ಹೋದೆ.

ಅಲ್ಲಿ ಒಂದು ಗೋಡೆಯ ತುಂಬ ಬೇಸಿಗೆ ಇತ್ತು. ಪಿ. ಎಸ್. ಕ್ರೋಯರ್ ಎಂಬ ಕಲಾವಿದ ನಾಲ್ಕು ವರ್ಷ ಕೆಲಸ ಮಾಡಿ 1888ರಲ್ಲಿ ಮುಗಿಸಿದ ‘ಹಿಪ್ ಹಿಪ್ ಹುರ್ರಾ’. ತೋಟದಲ್ಲಿ ಉದ್ದನೆಯ ಮೇಜು, ಮೇಲೆ ಬಾಟಲಿಗಳು, ಗ್ಲಾಸ್ ಎತ್ತಿ ನಿಂತ ಗಂಡಸರು, ಎಲೆಗಳ ಸಂದಿಯಿಂದ ಸೋರುವ ಬಿಸಿಲು. ಡೆನ್ಮಾರ್ಕಿನ ಉತ್ತರ ತುದಿಯ ಸ್ಕಾಗೆನ್ ಎಂಬ ಮೀನುಗಾರರ ಹಳ್ಳಿಯಲ್ಲಿ ಬೇಸಿಗೆ ಕಳೆಯುತ್ತಿದ್ದ ಕಲಾವಿದರ ಗುಂಪು ಅದು. ಎಲ್ಲರೂ ಗ್ಲಾಸ್ ನೋಡ್ತಿದ್ದರೆ ನನ್ನ ಕಣ್ಣು ಹೋಗಿದ್ದು ಮೇಜಿನ ಬಳಿ ಕೂತ ಒಬ್ಬ ಹೆಂಗಸಿನ ಕಡೆಗೆ, ಅವಳಿಗೆ ಒರಗಿಕೊಂಡ ಪುಟ್ಟ ಹುಡುಗಿಯ ಕಡೆಗೆ. ಫಲಕದಲ್ಲಿ ಹೆಸರಿತ್ತು: ಅನ್ನಾ ಆಂಕರ್, ಮಗಳು ಹೆಲ್ಗಾ. ಯಾರೋ ಕಲಾವಿದನ ಹೆಂಡತಿ ಇರಬೇಕು ಅಂದುಕೊಂಡು ಬಸ್ಸಿನಲ್ಲಿ ವಾಪಸ್ ಬರುವಾಗ ಫೋನಿನಲ್ಲಿ ಹುಡುಕಿದೆ. ಹೆಂಡತಿ ಹೌದು, ಮೈಕೆಲ್ ಆಂಕರ್ ಎಂಬ ಕಲಾವಿದನ ಹೆಂಡತಿ. ಆದರೆ ಆಕೆಯೇ ದೊಡ್ಡ ಕಲಾವಿದೆ.

ಸ್ಕಾಗೆನ್‌ಗೆ ಉಳಿದ ಕಲಾವಿದರೆಲ್ಲ ಹೊರಗಿನಿಂದ ಬಂದವರು. ಅಲ್ಲೇ ಹುಟ್ಟಿ ಬೆಳೆದವಳು ಅನ್ನಾ. 1859ರಲ್ಲಿ ಹುಟ್ಟಿದ್ದು, ತಂದೆ-ತಾಯಿ ಊರಿನ ಹೋಟೆಲು ನಡೆಸುತ್ತಿದ್ದರು. ಬಂದ ಕಲಾವಿದರೆಲ್ಲ ಇಳಿದುಕೊಳ್ಳುತ್ತಿದ್ದದ್ದೇ ಆ ಬ್ರೋಂಡುಮ್ ಹೋಟೆಲಿನಲ್ಲಿ. ಕೋಪನ್‌ಹೇಗನ್ನಿನ ರಾಯಲ್ ಅಕಾಡೆಮಿ 1888ರವರೆಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಹಾಗಾಗಿ ಆಕೆ ವಿಲ್ಹೆಲ್ಮ್ ಕ್ಯೂನ್ ಎಂಬಾತನ ಖಾಸಗಿ ಶಾಲೆಯಲ್ಲಿ ಕಲಿತಳು. ಮದುವೆಯಾದಾಗ ಆ ಗುರುವೇ “ಇನ್ನು ಬಣ್ಣದ ಪೆಟ್ಟಿಗೆಯನ್ನ ಸಮುದ್ರಕ್ಕೆ ಎಸೆದುಬಿಡು” ಅನ್ನುವಂಥ ಸಲಹೆ ಕೊಟ್ಟ ಅಂತ ಒಂದು ಕಥೆ ಇದೆ. ಎಸೆಯಲಿಲ್ಲ ಪುಣ್ಯಾತ್ಗಿತ್ತಿ. 1935ರಲ್ಲಿ ತೀರಿಕೊಂಡಳು. ಮುಂದೆ ಡೆನ್ಮಾರ್ಕಿನ ಸಾವಿರ ಕ್ರೋನರ್ ನೋಟಿನ ಮೇಲೆ ಗಂಡ-ಹೆಂಡತಿ ಇಬ್ಬರ ಮುಖವೂ ಬಂತು.

ಬಸ್ಸಿನಲ್ಲಿ ಬೆರಳಾಡಿಸುತ್ತಾ ಹೋದಾಗ ಒಂದು ಚಿತ್ರ ಬಂತು. ‘ನೀಲಿ ಕೋಣೆಯಲ್ಲಿ ಬಿಸಿಲು’, 1891. ಹೆಲ್ಗಾ ತನ್ನ ಅಜ್ಜಿಯ ಕೋಣೆಯಲ್ಲಿ, ನಮಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತು ಏನೋ ಕೈಕೆಲಸ ಮಾಡ್ತಿದ್ದಾಳೆ. ನೀಲಿ ಗೋಡೆ. ಗೋಡೆಯ ಮೇಲೆ ಕಿಟಕಿಯ ಚೌಕಗಳು ಬಿಸಿಲಾಗಿ ಬಿದ್ದಿವೆ. ಅಷ್ಟೇ. ಯಾರೂ ಗ್ಲಾಸ್ ಎತ್ತಿಲ್ಲ, ಯಾರಿಗೂ ಏನೂ ಆಗ್ತಿಲ್ಲ.

ನಾನು ಇಳಿಯಬೇಕಾದ ಸ್ಟಾಪು ದಾಟಿ ಹೋಗಿತ್ತು. ಯಾಕೆಂದರೆ ಆ ಬಿಸಿಲು ನನಗೆ ಗೊತ್ತಿತ್ತು.

ತಿಪಟೂರಿನಲ್ಲಿ ನಮ್ಮದು ಹೆಂಚಿನ ಮನೆ. ನಡುಮನೆಗೆ ಕಿಟಕಿ ಇಲ್ಲ, ಬದಲಿಗೆ ಮಾಡಿನಲ್ಲಿ ಎರಡು ಗಾಜಿನ ಹೆಂಚು. ಅದರಿಂದ ಇಳಿಯುವ ಬಿಸಿಲಿನ ಚೌಕ ಬೆಳಗ್ಗೆ ಪಶ್ಚಿಮದ ಗೋಡೆಯ ಮೇಲೆ ಕಾಣಿಸ್ಕೊಂಡು, ನಿಧಾನಕ್ಕೆ ಜಾರಿ ನೆಲಕ್ಕೆ ಬಂದು, ಸಂಜೆ ಹೊತ್ತಿಗೆ ಪೂರ್ವದ ಗೋಡೆ ಹತ್ತುತ್ತಿತ್ತು. ಅದು ಅಜ್ಜಿಯ ಗಡಿಯಾರ. ಬಿಸಿಲು ನಾಲ್ಕನೇ ಕಲ್ಲಿಗೆ ಬಂದರೆ ಅನ್ನಕ್ಕಿಡಬೇಕು, ಕಂಬದ ಬುಡಕ್ಕೆ ಬಂದರೆ ನಾವು ಸ್ಕೂಲಿಂದ ಬರೋ ಹೊತ್ತು. ಮಧ್ಯಾಹ್ನ ಅಜ್ಜಿ ಆ ಚೌಕದ ಪಕ್ಕ ಮಣೆ ಹಾಕಿಕೊಂಡು ಹೂಬತ್ತಿ ಹೊಸೆಯೋರು. ಚೌಕ ಸರಿದ ಹಾಗೆ ಮಣೆಯೂ ಸರಿಯೋದು. ಬಿಸಿಲ ಕೋಲಿನಲ್ಲಿ ಧೂಳು ಕುಣಿಯೋದನ್ನ ನಾನು ಬೊಗಸೆಯಲ್ಲಿ ಹಿಡಿಯೋಕೆ ಹೋಗ್ತಿದ್ದೆ. 130 ವರ್ಷದ ಹಿಂದೆ, ಭೂಮಿಯ ಇನ್ನೊಂದು ಮೂಲೆಯಲ್ಲಿ, ಒಬ್ಬ ತಾಯಿ ಇದನ್ನೇ ನೋಡಿ ಬರೆದಿಟ್ಟಿದ್ದಾಳೆ ಅನ್ನೋದು ನನಗೆ ಆವತ್ತಿನ ಮಟ್ಟಿಗೆ ದೊಡ್ಡ ಸುದ್ದಿ. ಆ ಚಿತ್ರ ಎರಡೂವರೆ ವರ್ಷ ನನ್ನ ಫೋನಿನ ವಾಲ್‌ಪೇಪರ್ ಆಗಿತ್ತು.

ಈಗ ಮನೆಯ ವಿಷಯ. ಅಜ್ಜಿ ಹೋಗಿ ಎರಡು ವರ್ಷ. ಕಳೆದ ಜೂನ್‌ನಲ್ಲಿ ಅಮ್ಮ ಫೋನ್ ಮಾಡಿ, ದಸರಾ ಮುಗಿದ ಮೇಲೆ ಮನೆ ಕೆಡವೋದು ಅಂತ ಅಪ್ಪ-ಚಿಕ್ಕಪ್ಪ ತೀರ್ಮಾನ ಮಾಡಿದ್ದಾರೆ ಅಂದರು. ಅದರಲ್ಲಿ ಬೇಜಾರು ಮಾಡಿಕೊಳ್ಳೋಕೆ ಏನೂ ಇಲ್ಲ. ತೊಲೆಗೆ ಗೆದ್ದಲು ಹಿಡಿದಿದೆ, ಮಳೆಗಾಲದಲ್ಲಿ ನಾಲ್ಕು ಕಡೆ ಪಾತ್ರೆ ಇಡಬೇಕು, ಒದ್ದೆ ನೆಲದ ಮೇಲೆ ಅಮ್ಮ ಒಂದ್ಸಲ ಜಾರಿ ಬಿದ್ದಿದ್ದರು. ಆರ್‌ಸಿಸಿ ಮನೆ ಬರಲಿ ಅಂತ ನಾನೂ ಹೇಳಿದೆ. ಆದರೆ ನಾನು ಊರಿಗೆ ಬರೋದು ಡಿಸೆಂಬರ್‌ನಲ್ಲಿ, ಟಿಕೆಟ್ ಆಗಲೇ ಆಗಿತ್ತು. ಅಷ್ಟರಲ್ಲಿ ಅಲ್ಲಿ ಪಾಯ ಮಾತ್ರ ಇರುತ್ತೆ. “ವೀಡಿಯೊ ಮಾಡಿ ಕಳಿಸ್ತೀನಿ ಬಿಡು, ಇಡೀ ಮನೆ ಸುತ್ತಾಡಿ ಮಾಡ್ತೀನಿ” ಅಂದರು ಅಮ್ಮ. ಕಳಿಸಿದರು ಕೂಡ. ನಾಲ್ಕು ನಿಮಿಷ. ಚೆನ್ನಾಗೇ ಇತ್ತು.

ವೀಡಿಯೊ ಸಾಕಾ, ಇಲ್ಲ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಟಿಕೆಟ್ ಮಾಡಿ ಹೋಗಬೇಕಾ? ರಜೆ ಲೆಕ್ಕ, ದುಡ್ಡಿನ ಲೆಕ್ಕ ಎರಡೂ “ಸಾಕು” ಅಂತಿದ್ದವು. ಈ ತೂಗುಯ್ಯಾಲೆಯಲ್ಲಿ ಇರುವಾಗಲೇ ಸ್ಕಾಗೆನ್ ಪ್ರಯಾಣ ಕೂಡಿ ಬಂತು.

ದೋಣಿ ನನ್ನ ತಂಡದ ಹಿರಿಯ ಸಹೋದ್ಯೋಗಿಯದು. ನಿವೃತ್ತಿಗೆ ಎರಡು ವರ್ಷ ಇರುವ ಸ್ವೀಡಿಷ್ ಮಹಿಳೆ, ಗಂಡ ಶಾಲೆಯ ಮೇಷ್ಟ್ರು. ಎರಡು ಬೇಸಿಗೆ ಅವರ ಜೊತೆ ಸಂಜೆ ಹೊತ್ತು ದ್ವೀಪಗಳ ನಡುವೆ ಹಾಯಿ ಎಳೆಯೋದು, ಚುಕ್ಕಾಣಿ ಹಿಡಿಯೋದು ಕಲಿತಿದ್ದೆ. ಹತ್ತನೇ ಕ್ಲಾಸಿನ ಟ್ರಿಪ್ಪಿನಲ್ಲಿ ಮುರುಡೇಶ್ವರದಲ್ಲಿ ಮೊದಲ ಸಲ ಸಮುದ್ರ ಕಂಡ ತೆಂಗಿನ ಸೀಮೆಯವಳಿಗೆ ಇದೇ ದೊಡ್ಡ ಸಾಹಸ. ದೋಣಿ 1970ರ ದಶಕದ 27 ಅಡಿಯ ಫೈಬರ್ ದೋಣಿ, ಮಾಡೆಲ್ ಹೆಸರು ಅಲ್ಬಿನ್ ವೇಗಾ. ಹೆಸರು ವೇಗಾ, ವೇಗ ಮಾತ್ರ ಸುಮಾರು 5 ನಾಟ್, ಅಂದರೆ ಗಂಟೆಗೆ 9 ಕಿಲೋಮೀಟರ್. ಸೈಕಲ್ಲಿಗಿಂತ ಕಮ್ಮಿ.

ಬಂದರಿನಿಂದ ಸ್ಕಾಗೆನ್ ಹೆಚ್ಚುಕಮ್ಮಿ ನೇರ ಪಶ್ಚಿಮಕ್ಕೆ, ಸುಮಾರು 40 ನಾಟಿಕಲ್ ಮೈಲಿ, ನಮ್ಮ ಲೆಕ್ಕದಲ್ಲಿ 74 ಕಿಲೋಮೀಟರ್. ಎಂಟು ಗಂಟೆ ಸಾಕು. ಆದರೆ ಗಾಳಿ ಒಪ್ಪಬೇಕು. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಗಾಳಿ ಬರುವ ದಿಕ್ಕಿನಿಂದ ಸುಮಾರು 45 ಡಿಗ್ರಿ ಓರೆಯಾಗಿ ಸ್ವಲ್ಪ ದೂರ ಹೋಗಿ, ತಿರುಗಿ, ಇನ್ನೊಂದು ಕಡೆಗೆ ಓರೆಯಾಗಿ ಹೋಗಿ, ಹೀಗೆ ಅಂಕುಡೊಂಕಾಗಿ ಮುಂದೆ ಸಾಗಬೇಕು. ಪಶ್ಚಿಮದ ಗಾಳಿ ಇದ್ದರೆ ನಮ್ಮ 40 ಮೈಲಿ 55 ದಾಟುತ್ತೆ, ಅಲೆಯೂ ಎದುರು. ಜುಲೈ ರಜೆಯ ಮೊದಲ ಮೂರು ದಿನ ಪಶ್ಚಿಮದ ಗಾಳಿಯೇ ಬೀಸಿತು. ಚಿತ್ರಾನ್ನದ ಡಬ್ಬ ಕಟ್ಟಿಕೊಂಡು ಹೋದವಳು ಬಂದರಿನಲ್ಲೇ ಕೂತು ತಿಂದು ವಾಪಸ್ ಬಂದೆ. ಸ್ಪ್ರಿಂಟ್, ಡೆಡ್‌ಲೈನ್ ಅಂತ ಬದುಕೋರಿಗೆ ಈ ಕಾಯೋದು ಮೊದಲು ಸಿಟ್ಟು ಬರಿಸುತ್ತೆ. ಆಮೇಲೆ ಗೊತ್ತಾಗುತ್ತೆ, ಸಿಟ್ಟು ಮಾಡಿಕೊಳ್ಳೋಕೆ ಎದುರಿಗೆ ಯಾರೂ ಇಲ್ಲ.

ನಾಲ್ಕನೇ ದಿನ ದಕ್ಷಿಣದ ಗಾಳಿ ಅಂತ ಮುನ್ಸೂಚನೆ ಬಂತು, ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ ತಿರುಗುತ್ತೆ ಅಂತಲೂ. ಹಾಗಾದರೆ ಮಧ್ಯಾಹ್ನದೊಳಗೆ ಆದಷ್ಟು ದೂರ ಹೋಗಿಬಿಡಬೇಕು. ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆವು, ಲೈಫ್ ಜಾಕೆಟ್ ತೊಟ್ಟು, ಅದರ ಬೆಲ್ಟನ್ನು ದೋಣಿಗೆ ಕೊಕ್ಕೆ ಹಾಕಿಕೊಂಡು. ಬೋಳು ಬಂಡೆಯ ದ್ವೀಪಗಳು ಒಂದೊಂದಾಗಿ ಹಿಂದೆ ಸರಿದವು. ಕೊನೆಯ ದ್ವೀಪ ವಿಂಗಾ. ಅಲ್ಲೊಂದು ದೀಪಸ್ತಂಭ, ಪಕ್ಕದಲ್ಲಿ ಕೆಂಪು ಪಿರಮಿಡ್ಡಿನಂಥ ಗುರುತುಗೋಪುರ. ಸ್ವೀಡನ್ನಿನವರು ಇವತ್ತಿಗೂ ಹಾಡುವ ಹಾಡುಗಳನ್ನು ಬರೆದ ಎವರ್ಟ್ ಟೌಬೆ ಬಾಲ್ಯ ಕಳೆದದ್ದು ಆ ದ್ವೀಪದಲ್ಲಿ. ಮೇಷ್ಟ್ರು ಗುನುಗೋಕೆ ಶುರು ಮಾಡಿದರು, ಹೆಂಡತಿ ನಿಲ್ಲಿಸಿದರು.

ವಿಂಗಾ ದಾಟಿದ ಮೇಲೆ ಬರೀ ನೀರು. ಫೋನಿಗೆ ಸಿಗ್ನಲ್ ಹೋಯಿತು. ಎಡಗಡೆಯಿಂದ ಸಮನಾದ ಗಾಳಿ, ದೋಣಿ ಬಲಕ್ಕೆ ವಾಲಿಕೊಂಡು ಓಡ್ತಿತ್ತು. ಮಾಡೋಕೆ ಕೆಲಸ ಇರಲಿಲ್ಲ. ಸುಮ್ಮನೆ ನೋಡ್ತಾ ಕೂತೆ. ಐದು ಗಂಟೆಗೆ ಬೂದಿ ಬಣ್ಣದಲ್ಲಿದ್ದ ನೀರು ಆರಕ್ಕೆ ಗುಲಾಬಿ, ಏಳಕ್ಕೆ ಬೆಳ್ಳಿ, ಒಂಬತ್ತಕ್ಕೆ ಹಸಿರು. ಅಲೆಯ ಬಿಸಿಲಿನ ಬದಿ ಒಂದು ಬಣ್ಣ, ನೆರಳಿನ ಬದಿ ಇನ್ನೊಂದು. ಹಾಯಿಯ ನೆರಳು ಕಪ್ಪಲ್ಲ, ನೀಲಿ. ಇದನ್ನೆಲ್ಲ ಯಾರೂ ತೋರಿಸಿಕೊಡಲಿಲ್ಲ, ಬೇರೇನೂ ಇಲ್ಲದಿದ್ದಾಗ ಕಣ್ಣು ತಾನಾಗೇ ನೋಡ್ತು. ಮಧ್ಯದಲ್ಲಿ ಡಬ್ಬ ಹುಡುಕೋಕೆ ಅಂತ ಒಳಗೆ ಇಳಿದು ಹೊಟ್ಟೆ ತೊಳಸಿ, ಮೇಲೆ ಬಂದು ಶುಂಠಿ ಬಿಸ್ಕತ್ತು ಚೀಪುತ್ತಾ ದಿಗಂತ ನೋಡಿದ್ದೂ ಇದೆ. ಚಿತ್ರಾನ್ನ ಅವರಿಬ್ಬರೇ ಮುಗಿಸಿದರು.

ಹತ್ತು ಗಂಟೆ ಹೊತ್ತಿಗೆ ಹಡಗುಗಳು ಶುರುವಾದವು. ಬಾಲ್ಟಿಕ್ ಸಮುದ್ರಕ್ಕೆ ಹೋಗಿಬರುವ ದೊಡ್ಡ ಹಡಗುಗಳಿಗೆ ಸ್ಕಾಗೆನ್ ತುದಿಯೇ ತಿರುವು. ದೋಣಿಯ ಟ್ಯಾಬ್ಲೆಟ್‌ನಲ್ಲಿ ಪ್ರತಿ ಹಡಗಿನ ವೇಗ, ದಿಕ್ಕು, ಎಷ್ಟು ನಿಮಿಷದಲ್ಲಿ ಎಷ್ಟು ಹತ್ತಿರ ಬರುತ್ತೆ ಎಲ್ಲ ಕಾಣುತ್ತೆ. ನಾನು ಆಫೀಸಿನಲ್ಲಿ ಬರೆಯುವ ಲೆಕ್ಕವೇ ಅದು. ಆದರೆ ಸಹೋದ್ಯೋಗಿ ಟ್ಯಾಬ್ಲೆಟ್ ಮುಚ್ಚಿಟ್ಟು ಚುಕ್ಕಾಣಿ ನನ್ನ ಕೈಗೆ ಕೊಟ್ಟರು. “ದೋಣಿ ಅಂಚಿನ ಆ ಕಂಬಿಯ ನೇರಕ್ಕೆ ಹಡಗನ್ನ ಹಿಡಿ. ಕಂಬಿಗಿಂತ ಮುಂದಕ್ಕೆ ಸರಿದರೆ ಅದು ನಮ್ಮ ಮುಂದೆ ಹೋಗುತ್ತೆ, ಹಿಂದಕ್ಕೆ ಸರಿದರೆ ಹಿಂದೆ. ಅಲ್ಲೇ ನಿಂತು ದೊಡ್ಡದಾಗ್ತಾ ಬಂದರೆ ಇಬ್ಬರೂ ಒಂದೇ ಜಾಗಕ್ಕೆ ಹೋಗ್ತಿದ್ದೀವಿ ಅಂತ ಅರ್ಥ.”

ಎಡಗಡೆಯಿಂದ ಒಂದು ಸರಕು ಹಡಗು ಉತ್ತರಕ್ಕೆ ಬರ್ತಿತ್ತು. ಮೊದಲು ಬೆಂಕಿಪೊಟ್ಟಣದಷ್ಟು. ಐದು ನಿಮಿಷ ಆದ ಮೇಲೆ ಅದೇ ಕಂಬಿಯ ನೇರಕ್ಕೆ ಇಟ್ಟಿಗೆಯಷ್ಟು. ಇನ್ನೊಂದು ಐದು ನಿಮಿಷಕ್ಕೆ ಅದರ ಮೇಲಿನ ಕಂಟೇನರ್‌ಗಳ ಬಣ್ಣ ಎಣಿಸಬಹುದಿತ್ತು, ಕಂಬಿಯಿಂದ ಕೂದಲಷ್ಟೂ ಸರಿದಿರಲಿಲ್ಲ. ನಿಯಮ ಏನೇ ಹೇಳಲಿ, ಅಷ್ಟು ದೊಡ್ಡ ಹಡಗು ನಮ್ಮಂಥ ಪುಟ್ಟ ದೋಣಿಗಾಗಿ ಥಟ್ಟನೆ ತಿರುಗೋಕೂ ಆಗಲ್ಲ, ನಿಲ್ಲೋಕೂ ಆಗಲ್ಲ. ಬಾಯಿ ಒಣಗಿತು. “ಈಗ?” ಅಂದೆ. “ಅದರ ಹಿಂಬದಿಗೆ ಗುರಿ ಇಡು. ಅವರಿಗೂ ಸ್ಪಷ್ಟವಾಗಿ ಕಾಣೋ ಹಾಗೆ ತಿರುಗಿಸು, ಅರೆಬರೆ ಬೇಡ” ಅಂದರು. ಚುಕ್ಕಾಣಿಯನ್ನ ಬಲಕ್ಕೆ ತಳ್ಳಿದೆ, ದೋಣಿ ಎಡಕ್ಕೆ ತಿರುಗಿತು. ಮೇಷ್ಟ್ರು ಹಗ್ಗ ಎಳೆದು ಹಾಯಿ ಬಿಗಿ ಮಾಡಿದರು. ನಿಧಾನಕ್ಕೆ, ತೀರಾ ನಿಧಾನಕ್ಕೆ, ಹಡಗು ಕಂಬಿಯಿಂದ ಮುಂದಕ್ಕೆ ಜಾರಿತು. ಅರ್ಧ ಮೈಲಿ ಮುಂದೆ ಅದು ಗೋಡೆಯ ಹಾಗೆ ಹಾದು ಹೋದಾಗ ಕಾಲು ನಡುಗ್ತಾ ಇತ್ತು. ಆ ಹತ್ತು ನಿಮಿಷದಷ್ಟು ಗಮನವಿಟ್ಟು ನಾನು ಯಾವುದನ್ನೂ ನೋಡಿದ ನೆನಪಿಲ್ಲ.

ಹನ್ನೊಂದೂವರೆಗೆ ಗಾಳಿ ಪಶ್ಚಿಮಕ್ಕೆ ತಿರುಗಿತು. ಇನ್ನೂ ಎಂಟು ಮೈಲಿ ಬಾಕಿ. ಸ್ಕಾಗೆನ್ ಮರಳಿನ ಊರು, ಚಪ್ಪಟೆ, ದೂರದಿಂದ ನೆಲವೇ ಕಾಣಲ್ಲ. ಮೊದಲು ಕಂಡದ್ದು 46 ಮೀಟರ್ ಎತ್ತರದ ಬೂದು ದೀಪಸ್ತಂಭ, ನೀರಿನಿಂದ ಎದ್ದ ಪೆನ್ಸಿಲ್ ತುದಿಯ ಹಾಗೆ. ಅನ್ನಾಳ ಗಂಡ ಮೈಕೆಲ್‌ಗೆ ಹೆಸರು ತಂದುಕೊಟ್ಟ ಒಂದು ಚಿತ್ರ ಇದೆ. ದಡದಲ್ಲಿ ನಿಂತ ಮೀನುಗಾರರು ಸಮುದ್ರದ ಕಡೆ ಕಣ್ಣು ನೆಟ್ಟಿದ್ದಾರೆ. ಚಿತ್ರದ ಹೆಸರು ‘ಅವನು ತುದಿ ದಾಟುತ್ತಾನೆಯೇ?’ ದೋಣಿ ಚಿತ್ರದಲ್ಲಿಲ್ಲ, ಅವರ ಮುಖದಲ್ಲಷ್ಟೇ ಇದೆ. ಆಗ ಅಲ್ಲಿ ಬಂದರೂ ಇರಲಿಲ್ಲ, ದೋಣಿಗಳನ್ನು ಮರಳಿನ ಮೇಲೇ ಎಳೆಯುತ್ತಿದ್ದರು. ನಾವು ತುದಿ ಸುತ್ತಬೇಕಿರಲಿಲ್ಲ, ಬಂದರು ಈಚೆ ಬದಿಯಲ್ಲೇ ಇದೆ. ಆದರೂ ಅಂಕುಡೊಂಕಾಗಿ ಆ ಪೆನ್ಸಿಲ್ ತುದಿಯ ಕಡೆ ಸಾಗುತ್ತಾ ಮೂರು ಗಂಟೆ ಕಳೆಯುವಾಗ ದಡದ ಆ ಮುಖಗಳು ನೆನಪಾದವು. ಕೊನೆಯ ಒಂದು ಮೈಲಿ ಮಾತ್ರ ಪುಟ್ಟ ಡೀಸೆಲ್ ಎಂಜಿನ್ ಹಾಕಿದೆವು. ಸಾಕಾಗಿತ್ತು.

ಜುಲೈನಲ್ಲಿ ಸ್ಕಾಗೆನ್ ಬಂದರು ನಮ್ಮ ಜಾತ್ರೆಯ ಬಸ್‌ಸ್ಟ್ಯಾಂಡ್ ಇದ್ದ ಹಾಗೆ. ಜಾಗ ಇಲ್ಲ, ಹಾಗಾಗಿ ಒಂದು ದೋಣಿಗೆ ಇನ್ನೊಂದನ್ನ ಕಟ್ಟುತ್ತಾ ಹೋಗ್ತಾರೆ. ನಮ್ಮದು ಸಾಲಿನಲ್ಲಿ ನಾಲ್ಕನೆಯದು. ದಡಕ್ಕೆ ಹೋಗಬೇಕಂದರೆ ಮೂರು ಮನೆಯವರ ಅಂಗಳ ದಾಟಿದ ಹಾಗೆ ಮೂರು ದೋಣಿ ಹತ್ತಿಳಿದು, ಎಲ್ಲರಿಗೂ ನಮಸ್ಕಾರ ಹೇಳಿ ಹೋಗಬೇಕು. ನೆಲದ ಮೇಲೆ ನಿಂತರೂ ನೆಲ ತೂಗ್ತಾ ಇತ್ತು. ಆವತ್ತು ಮ್ಯೂಸಿಯಂಗೆ ಹೋಗಲಿಲ್ಲ. ಸಂಜೆ ಗ್ರೆನೆನ್‌ಗೆ ನಡೆದುಕೊಂಡು ಹೋದೆವು. ಸ್ಕಾಗೆರಾಕ್, ಕಾಟೆಗಾಟ್ ಎಂಬ ಎರಡು ಸಮುದ್ರ ಸೇರುವ ಮರಳಿನ ನಾಲಿಗೆ ಅದು. ಎರಡು ಕಡೆಯ ಅಲೆಗಳು ಎದುರುಬದುರಾಗಿ ಬಂದು ಡಿಕ್ಕಿ ಹೊಡೆಯುತ್ತವೆ. ಜನ ಒಂದೊಂದು ಕಾಲನ್ನ ಒಂದೊಂದು ಸಮುದ್ರದಲ್ಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ರಾತ್ರಿ ಹತ್ತಾದರೂ ಬೆಳಕಿತ್ತು. ಎರಡು ಕಡೆ ನೀರು, ಕೆಳಗೆ ಬಿಳಿ ಮರಳು, ಎಲ್ಲವೂ ಬೆಳಕನ್ನ ಎತ್ತಿ ಎತ್ತಿ ವಾಪಸ್ ಎಸೆಯುತ್ತಿದ್ದವು. ಕಲಾವಿದರು ಇಲ್ಲಿಗೆ ಯಾಕೆ ಬಂದರು ಅನ್ನೋದಕ್ಕೆ ಪುಸ್ತಕ ಬೇಕಿರಲಿಲ್ಲ.

ಮಾರನೇ ದಿನ ಬೆಳಗ್ಗೆ ಮ್ಯೂಸಿಯಂ. ಹಳದಿ ಗೋಡೆ, ಕೆಂಪು ಹೆಂಚಿನ ಮನೆಗಳ ಬೀದಿ ದಾಟಿ ಹೋಗಬೇಕು. ಹೌದು, ಅಲ್ಲೂ ಹೆಂಚು. 1908ರಲ್ಲಿ ಬ್ರೋಂಡುಮ್ ಹೋಟೆಲಿನ ಊಟದ ಕೋಣೆಯಲ್ಲಿ ಶುರುವಾದ ಸಂಸ್ಥೆ ಇದು. ಈಗಿನ ಕಟ್ಟಡ ತೆರೆದದ್ದು 1928ರಲ್ಲಿ. ಗೋಡೆ ತುಂಬ ಚಿತ್ರಗಳಿದ್ದ ಆ ಊಟದ ಕೋಣೆಯನ್ನೇ ಆಮೇಲೆ ಇಡಿಯಾಗಿ ಮ್ಯೂಸಿಯಂ ಒಳಗೆ ತಂದಿಟ್ಟಿದ್ದಾರೆ.

ನೀಲಿ ಕೋಣೆಯ ಮುಂದೆ ನಿಂತಾಗ ಮೊದಲು ಅನ್ನಿಸಿದ್ದು, ಇಷ್ಟು ಚಿಕ್ಕದಾ? ಸುಮಾರು 65 ಸೆಂಟಿಮೀಟರ್ ಎತ್ತರ, 59 ಅಗಲ. ನಮ್ಮನೆ ದೇವರ ಫೋಟೋ ಇದಕ್ಕಿಂತ ದೊಡ್ಡದು. ಹತ್ತಿರ ಹೋದರೆ ಬಿಸಿಲೇ ಇಲ್ಲ, ಗೋಡೆಯ ಮೇಲೆ ಬಣ್ಣದ ಮೆತ್ತು ಅಷ್ಟೇ. ಎರಡು ಹೆಜ್ಜೆ ಹಿಂದೆ ಬಂದರೆ ಬಿಸಿಲು. ಮತ್ತೆ ಹತ್ತಿರ ಹೋದೆ, ಮತ್ತೆ ಹಿಂದೆ ಬಂದೆ. ಬಿಸಿಲು ಬರೋದು ಯಾವ ಹೆಜ್ಜೆಯಲ್ಲಿ ಅಂತ ಹಿಡಿಯೋಕೆ ನೋಡಿದೆ, ಸಿಗಲಿಲ್ಲ. ಎರಡೂವರೆ ವರ್ಷ ದಿನಕ್ಕೆ ನೂರು ಸಲ ಕಂಡ ಚಿತ್ರದಲ್ಲಿ ನೀಲಿ ಒಂದೇ ಅಂದುಕೊಂಡಿದ್ದೆ. ಗೋಡೆಯ ನೀಲಿ ಬೇರೆ, ಬಟ್ಟೆಯ ನೀಲಿ ಬೇರೆ, ನೆರಳಿನ ನೀಲಿ ಬೇರೆ. ಹಿಂದಿನ ದಿನ ಹಾಯಿಯ ಕೆಳಗೆ ಕಂಡ ನೀಲಿ ಅದು.

ಅಲ್ಲೇ ಇನ್ನೊಂದು ಚಿತ್ರ ಇದೆ. 1913ರ ನಂತರ ಬರೆದದ್ದು, ‘ಸ್ಟುಡಿಯೋದಲ್ಲಿ ಸಂಜೆ ಬಿಸಿಲು’. ಅದರಲ್ಲಿ ಹೆಲ್ಗಾ ಇಲ್ಲ, ಯಾರೂ ಇಲ್ಲ. ಖಾಲಿ ಗೋಡೆ, ಅದರ ಮೇಲೆ ಬಿಸಿಲಿನ ಚೌಕ. ಇಪ್ಪತ್ತು ವರ್ಷಕ್ಕೂ ಮೀರಿ ಈ ಹೆಂಗಸು ಮನೆಯೊಳಗೆ ಬಿದ್ದ ಬಿಸಿಲನ್ನೇ ನೋಡ್ತಾ ಬಂದು, ಕೊನೆಗೆ ಉಳಿದದ್ದನ್ನೆಲ್ಲ ಬಿಟ್ಟು ಅದೊಂದನ್ನೇ ಬರೆದಿದ್ದಾಳೆ. ಊರು ಬಿಟ್ಟು ದೂರ ಹೋಗಿ ಹುಡುಕಲಿಲ್ಲ. ಆಂಕರ್ ಅಂದರೆ ಡ್ಯಾನಿಷ್ ಕಿವಿಗೂ ಲಂಗರೇ ಅಂತೆ. ಸರಿಯಾದ ಹೆಸರು.

ಅಲ್ಲಿ ಒಂದೂವರೆ ಗಂಟೆ ಇದ್ದೆ. ನನ್ನ ಸುತ್ತ ಜನ ಬಂದರು, ಫೋನ್ ಎತ್ತಿದರು, ಹೋದರು. ಅವರ ಮೇಲೆ ನನಗೇನೂ ದೂರಿಲ್ಲ. ಫೆರ್ರಿಯಲ್ಲಿ ಬಂದಿದ್ದರೆ ನಾನೂ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆನೇನೋ. ಆದರೆ ಮೂರು ದಿನ ಗಾಳಿಗೆ ಕಾದು, ಹತ್ತು ಗಂಟೆ ನೀರು ನೋಡಿ ಬಂದ ಕಣ್ಣಿಗೆ ಅವಸರ ಬಿಟ್ಟುಹೋಗಿತ್ತು. ಹಾಯಿದೋಣಿ ನನ್ನನ್ನ ಚಿತ್ರದ ಹತ್ತಿರ ತಂದಿದ್ದಕ್ಕಿಂತ ಹೆಚ್ಚಾಗಿ ಚಿತ್ರ ಬರೆದವಳ ವೇಗಕ್ಕೆ ತಂದಿತ್ತು ಅನ್ನಿಸುತ್ತೆ.

ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲಿದೆ. ಫೋನಿನಲ್ಲಿ ಚಿತ್ರ ಪೂರ್ತಿ ಇದೆ. ಜೂಮ್ ಮಾಡಿದರೆ ಮ್ಯೂಸಿಯಂನಲ್ಲಿ ಕಾಣದ ಬಿರುಕೂ ಕಾಣುತ್ತೆ. ಮಾಹಿತಿಯಲ್ಲಿ ಏನೂ ಕಮ್ಮಿ ಇಲ್ಲ. ಆದರೆ ಆ ಚಿತ್ರದ ಎದುರು ನನ್ನ ಮೈ ಇರಲಿಲ್ಲ, ಹಿಂದೆ-ಮುಂದೆ ಹೋಗೋಕೆ ನೆಲ ಇರಲಿಲ್ಲ, ಮುಖ್ಯವಾಗಿ ಹೊತ್ತು ಇರಲಿಲ್ಲ. ಬಿಸಿಲು ಅನ್ನೋದು ವಸ್ತುವಲ್ಲ, ಹೊತ್ತು. ಅದನ್ನ ಕಳಿಸೋಕಾಗಲ್ಲ, ಹೋಗಿ ಅದರ ಜೊತೆ ಕೂರಬೇಕು.

ಎಲ್ಲರೂ ದೋಣಿ ಹತ್ತಿ ಅಂತ ನಾನು ಹೇಳ್ತಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಲ್ದಣ್‌ಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರ ಇದೆಯಲ್ಲ, ನಮ್ಮಲ್ಲಿ ಎಷ್ಟೋ ಜನ ಅದನ್ನ ಸ್ಕೂಲ್ ಟ್ರಿಪ್ಪಿನಲ್ಲಿ ಸಾಲಿನಲ್ಲಿ ನಿಂತು ಎರಡು ನಿಮಿಷ ನೋಡಿದವರು. ಅದು ಜಲವರ್ಣದ ಚಿತ್ರ. ದೀಪವನ್ನ ಅಂಗೈಯಲ್ಲಿ ಮರೆ ಮಾಡಿದ್ದಾಳೆ, ಬೆಳಕು ಬೆರಳ ಸಂದಿಯಿಂದ ಬರುತ್ತೆ. ಮುಂದಿನ ಸಲ ಮೈಸೂರಿಗೆ ಹೋದಾಗ, ಅವಸರ ಇಲ್ಲದ ದಿನ ನೋಡಿಕೊಂಡು, ಬೇರೆ ಯಾವ ಚಿತ್ರವನ್ನೂ ನೋಡದೆ, ಅದೊಂದರ ಮುಂದೆ ಅರ್ಧ ಗಂಟೆ ನಿಂತು ನೋಡಿ. ಫೋನ್ ಜೇಬಿನಲ್ಲಿರಲಿ.

ವಾಪಸ್ ಬರುವಾಗ ಅದೇ ಪಶ್ಚಿಮದ ಗಾಳಿ ಬೆನ್ನಿಗಿತ್ತು, ಎಂಟು ಗಂಟೆಯೊಳಗೆ ಮನೆ. ಮಾರನೇ ದಿನ ಮ್ಯಾನೇಜರ್‌ಗೆ ಮೇಲ್ ಬರೆದು ಸೆಪ್ಟೆಂಬರ್ ಕೊನೆಯ ವಾರ ರಜೆ ಕೇಳಿದೆ. ಡಿಸೆಂಬರ್ ಟಿಕೆಟ್ ರದ್ದು ಮಾಡಿದ್ದಕ್ಕೆ ಹೋದ ದುಡ್ಡು ಹೋಯಿತು. ಅಮ್ಮನಿಗೆ ಫೋನ್ ಮಾಡಿ, ಮನೆ ಕೆಡವೋಕೆ ಮುಂಚೆ ಬರ್ತಿದ್ದೀನಿ, ನಾಲ್ಕು ದಿನ ನಡುಮನೆಯಲ್ಲಿ ಸುಮ್ಮನೆ ಕೂತಿರ್ತೀನಿ, ಎಲ್ಲೂ ಕರ್ಕೊಂಡು ಹೋಗಬೇಡಿ ಅಂದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಬಾ ಪುಟ್ಟಿ. ಈಗ ಬರೀ ಮೋಡ, ಆಗಿನ ಹೊತ್ತಿಗೆ ಬಿಸಿಲು ಬಂದಿರುತ್ತೆ. ಗಾಜಿನ ಹೆಂಚು ಪಾಚಿ ಕಟ್ಟಿದೆ ಕಣೆ, ಯಾರನ್ನಾದ್ರೂ ಮಾಡು ಹತ್ತಿಸಿ ತೊಳೆಸಿಟ್ಟಿರ್ತೀನಿ.”